ಅಮಾವಾಸ್ಯೆಯ ದಿನ ನಿಂತ ಪ್ರಿಂಟರುಗಳು

ನನ್ನ ತಮ್ಮ ಮೌನೇಶ ತೀರಿಕೊಂಡ ಸುದ್ದಿ ಬಂದಾಗ ನಾನು ಮೇಲುಕೋಟೆಯಲ್ಲಿ ಒಬ್ಬರ ಮನೆಯ ದೇವರ ಪೀಠಕ್ಕೆ ಬೆಳ್ಳಿಯ ತಗಡು ಹೊದಿಸುತ್ತಿದ್ದೆ. ಫೋನು ಮಾಡಿದವನು ಕೆ.ಆರ್. ಪೇಟೆಯ ಆಸ್ಪತ್ರೆಯ ನೌಕರ ಸಿದ್ದರಾಜು. ಮೌನೇಶ ಅಲ್ಲಿ ಪ್ರಿಂಟರೊಂದನ್ನು ಸರಿಮಾಡಿ, ಕೈ ತೊಳೆದುಕೊಂಡು ಬೆಂಚಿನ ಮೇಲೆ ಕುಳಿತನಂತೆ. ಕಾಫಿ ತಂದವರು ಎರಡು ಸಲ ಕರೆದರಂತೆ. ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದರು, ಆದರೂ ಏನೂ ಮಾಡಲಾಗಲಿಲ್ಲ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಸುತ್ತಿಗೆ ಕೆಳಗಿಟ್ಟು ಆ ಮನೆಯವರಿಗೆ ಏನು ಹೇಳಿ ಹೊರಟೆನೋ ಈಗ ನೆನಪಿಲ್ಲ.

ನಮ್ಮದು ಅಕ್ಕಸಾಲಿಗರ ಮನೆ. ಮೌನೇಶ ಮಾತ್ರ ಕುಲುಮೆ ಬಿಟ್ಟು ಕಂಪ್ಯೂಟರು ಕಲಿತು, ಪಾಂಡವಪುರದಲ್ಲಿ ಟ್ರಸ್ಟೊಂದು ನಡೆಸುವ ಆಸ್ಪತ್ರೆಗೆ ಸೇರಿದ್ದ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಅದರ ಶಾಖೆಗಳಿವೆ. ನಾಲ್ಕೂ ಊರಿನ ರೋಗಿಗಳ ದಾಖಲೆ ಪಾಂಡವಪುರದ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ, ಅವರ ಮಾತಿನಲ್ಲಿ ಲಿನಕ್ಸ್ ಸರ್ವರಿನಲ್ಲಿ, ಇರುತ್ತದೆ. ಪ್ರಿಂಟರು ಕೊಂಡು ತಂದರೆ ಸಾಲದು, ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ಹೆಸರು ಹೇಳಿ ಸರ್ವರಿಗೆ ಪರಿಚಯ ಮಾಡಿಸಬೇಕು, ಇಲ್ಲದಿದ್ದರೆ ನಾಗಮಂಗಲದ ರಕ್ತದ ವರದಿ ಶ್ರೀರಂಗಪಟ್ಟಣದಲ್ಲಿ ಹೊರಬರುತ್ತದೆ ಎಂದು ಅವನು ನನಗೆ ಹೇಳುತ್ತಿದ್ದ. ಇಪ್ಪತ್ತೆರಡು ಪ್ರಿಂಟರುಗಳನ್ನು ಅವನು ಹೀಗೆ ಪರಿಚಯ ಮಾಡಿಸಿದ್ದ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವನ ಮಗಳು ಸ್ಪಂದನಳಿಗೆ ಅದೇ ಕೆಲಸ ಕೊಟ್ಟರು. ಅವಳೂ ಅದನ್ನೇ ಓದಿದವಳು. ಆದರೆ ಇದು ಪರೀಕ್ಷೆಗೆಂದು ಕೆಲವು ದಿನಕ್ಕೆ ಕೊಟ್ಟ ಕೆಲಸ. ಟ್ರಸ್ಟಿನವರಿಗೆ ಎಲ್ಲವನ್ನೂ ಮೈಸೂರಿನ ಒಂದು ಕಂಪನಿಗೆ ವಹಿಸಿಬಿಡುವ ಮನಸ್ಸಿತ್ತು. ಹುಡುಗಿಗೆ ಒಂದು ಅವಕಾಶ ಕೊಡಿ ಎಂದು ಮ್ಯಾನೇಜರು ದೇವರಾಜು ತಡೆದು ನಿಲ್ಲಿಸಿದ್ದರು.

ಎರಡು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಅಮಾವಾಸ್ಯೆಯ ದಿನ ಅವಳು ತಿಂಡಿ ತಿನ್ನದೆ ಓಡಿದಳೆಂದು ನಾನು ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಹೊರಗೆ ಬಾಗಿಲವರೆಗೂ ಜನ. ಒಳಗೆ ಸ್ಪಂದನ ಕಣ್ಣಲ್ಲಿ ನೀರು ತುಂಬಿಕೊಂಡು ಕೀಲಿಮಣೆ ಕುಟ್ಟುತ್ತಿದ್ದಳು. ನಾಲ್ಕೂ ಊರಿನಲ್ಲಿ ಒಂದೇ ಗಳಿಗೆಗೆ ಎಲ್ಲ ಪ್ರಿಂಟರುಗಳೂ ನಿಂತಿದ್ದವು. ಅವಳು ಮತ್ತೆ ಚಾಲೂ ಮಾಡಿದರೆ ಎರಡು ಹಾಳೆ ಬರುವುದು, ಐದು ನಿಮಿಷದೊಳಗೆ ತಮ್ಮಷ್ಟಕ್ಕೆ ತಾವೇ ನಿಲ್ಲುವುದು. ವೈರು ನೋಡಿದ್ದಾಯಿತು, ಸರ್ವರನ್ನೂ ಒಮ್ಮೆ ಆರಿಸಿ ಹಚ್ಚಿದ್ದಾಯಿತು. ಹನ್ನೊಂದು ಗಂಟೆಗೆ ಟ್ರಸ್ಟಿನ ಕಾರ್ಯದರ್ಶಿ ಬರುವವರಿದ್ದರು. ಅಷ್ಟರಲ್ಲಿ ಸರಿಹೋಗದಿದ್ದರೆ ತಾನು ಅವಳ ಪರವಾಗಿ ಬಾಯಿ ತೆರೆಯುವ ಹಾಗಿಲ್ಲ ಎಂದು ದೇವರಾಜು ಬಹಳ ಸಂಕಟದಿಂದಲೇ ಹೇಳಿದರು.

ಸಾಲಿನಲ್ಲಿ ಮುಂದೆ ನಿಂತಿದ್ದ ಬೆಟ್ಟಮ್ಮ ಎಂಬ ಮುದುಕಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. "ನಿಧಾನಕ್ಕೆ ಮಾಡವ್ವ. ನನ್ ಸಕ್ಕರೆ ಎಲ್ಲೂ ಓಗಲ್ಲ, ಇಪ್ಪತ್ ವರ್ಷದಿಂದ ಇಲ್ಲೇ ಅದೆ," ಎಂದಳು.

ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಮಗಾ, ಎರಡು ತುತ್ತು ತಿಂದು ಆಮೇಲೆ ಮಾಡು. ಇವತ್ತು ನಮ್ ಕುಲದೋರು ಯಾರೂ ಆಯುಧ ಮುಟ್ಟಲ್ಲ, ನೀನೊಬ್ಬಳು ಕೂತು ಕುಟ್ತಾ ಇದ್ದೀಯ," ಎಂದೆ. ಅಮಾವಾಸ್ಯೆಯಂದು ಸುತ್ತಿಗೆ, ಚಿಮಟಗಳನ್ನು ಒರೆಸಿಟ್ಟು ರಜಾ ಕೊಡುವುದು ನಮ್ಮಲ್ಲಿ ರೂಢಿ. ಅವಳನ್ನು ನಗಿಸಲೆಂದೇ ಆಡಿದ ಮಾತು.

ಅವಳು ನಗಲಿಲ್ಲ. ತಿರುಗಿ ನನ್ನನ್ನೇ ನೋಡಿದಳು. "ಇವತ್ತು ಅಮಾಸೆಯಾ ದೊಡ್ಡಪ್ಪ?"

ಹೌದೆಂದೆ. ಅವಳು ಪರದೆಯ ಕಡೆ ತಿರುಗಿ ಆ ಒಂದು ಪದವನ್ನು ಸರ್ವರಿನ ತುಂಬ ಹುಡುಕಿಸಿದಳು. ಅರ್ಧ ನಿಮಿಷದಲ್ಲಿ ಅವಳಪ್ಪ ಬರೆದಿಟ್ಟ ಒಂದು ಪುಟ್ಟ ಕಡತ ಸಿಕ್ಕಿತು. ಅದರಲ್ಲಿ ವರ್ಷದ ಎಲ್ಲ ಅಮಾವಾಸ್ಯೆಗಳ ತಾರೀಖುಗಳಿದ್ದವು. ಆ ದಿನಗಳಂದು ಬೆಳಗಿನ ಆರು ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ಎಲ್ಲ ಪ್ರಿಂಟರುಗಳನ್ನೂ ನಿಲ್ಲಿಸಬೇಕು. ಶುಚಿಯಾಯಿತು ಎಂಬ ಗುರುತು ಹಾಕಿದ ಮೇಲೆ ಬಿಡಬೇಕು. ಇಷ್ಟೇ ಅದರ ಅಪ್ಪಣೆ. ಆ ತಾರೀಖುಗಳು ನನಗೆ ಗೊತ್ತಿದ್ದವು. ಪ್ರತಿ ಯುಗಾದಿಯಂದು ಮೌನೇಶ ಫೋನು ಮಾಡಿ ಪಂಚಾಂಗ ತೆಗೆಸುತ್ತಿದ್ದ. ಒಂದೊಂದನ್ನೂ ಓದಿ ಬರೆಸಿದವನು ನಾನೇ. ಉಪವಾಸಕ್ಕೆಂದು ತಿಳಿದಿದ್ದೆ.

ಸ್ಪಂದನ ನಾಗಮಂಗಲ ಶಾಖೆಯ ರಂಜಿತಳಿಗೆ ಫೋನು ಹಚ್ಚಿ, ಅಪ್ಪ ಏನಾದರೂ ಶುಚಿ ಮಾಡಿಸುತ್ತಿದ್ದರೇ ಎಂದು ಕೇಳಿದಳು. "ಊ ಕಣಕ್ಕ. ತಿಂಗಳಿಗೊಂದ್ಸಲ ಬೆಳಿಗ್ಗೇನೇ ಫೋನ್ ಮಾಡಿ, ಒಳಗಿನ ರಬ್ಬರ್ ರೋಲರ್ ಒರೆಸಿ, ಒರೆಸಿದ ಮೇಲೆ ನಂಗೇಳಿ ಅನ್ನೋರು. ಅದು ಅಮಾಸೆಯೋ ಹುಣ್ಣಿಮೆಯೋ ನಾವ್ಯಾಕ್ ನೋಡಾನ?" ಎಂದಳು ರಂಜಿತ.

ದೇವರಾಜು ಆ ಕಡತವನ್ನು ಈಗಲೇ ಅಳಿಸಿಹಾಕು ಎಂದರು. ಸ್ಪಂದನ ನನ್ನ ಮುಖ ನೋಡಿದಳು. ತಂದೆ ಬರೆದಿಟ್ಟದ್ದನ್ನು ಅಳಿಸಲು ಅವಳಿಗೆ ಕೈ ಬಾರದು. ನನಗೂ ಮನಸ್ಸಿರಲಿಲ್ಲ. ಆದರೆ ಹೊರಗೆ ಕಾದಿದ್ದವರು ಕಾಯಿಲೆಯ ಜನ.

"ಆಯುಧಕ್ಕೆ ರಜಾ ಕೊಡೋದು ಅದು ಚೆನ್ನಾಗಿ ದುಡೀಲಿ ಅಂತ ಮಗಾ, ಜನ ನಿಂತ್ಕೊಂಡು ಕಾಯ್ಲಿ ಅಂತಲ್ಲ," ಎಂದೆ. "ಒರೆಸೋದು ಬುಡಬೇಡ. ಬೀಗ ಹಾಕೋದು ಬುಡು."

ಅವಳು ಹಾಗೆಯೇ ಮಾಡಿದಳು. ಪ್ರಿಂಟರು ನಿಲ್ಲಿಸು ಎನ್ನುವ ಸಾಲನ್ನು ಮಾತ್ರ ಕಡತದಿಂದ ತೆಗೆದು, ಪ್ರತಿ ಅಮಾವಾಸ್ಯೆಯ ಬೆಳಗ್ಗೆ ತನಗೊಂದು ಜ್ಞಾಪನೆ ಬರುವಂತೆ ಬರೆದಳು. ತಾರೀಖುಗಳು ಹಾಗೆಯೇ ಉಳಿದವು. ಅಷ್ಟರಲ್ಲಿ ಅವಳು ಫೋನಿನಲ್ಲಿ ಹೇಳಿದಂತೆ ಉಳಿದ ಮೂರೂ ಊರಿನವರು ರೋಲರುಗಳನ್ನು ಒರೆಸಿ ಮುಗಿಸಿದ್ದರು. ಇಲ್ಲಿ ನಾನೇ ಒದ್ದೆ ಬಟ್ಟೆ ಹಿಡಿದು ಕುಳಿತೆ. ಚಿನ್ನ ಒರೆಸಿದ ಕೈಗೆ ರಬ್ಬರು ಒರೆಸಲು ಏನು ಕಷ್ಟ?

ಹತ್ತೂವರೆಗೆ ಅವಳು ಇಪ್ಪತ್ತೆರಡನ್ನೂ ಒಟ್ಟಿಗೆ ಚಾಲೂ ಮಾಡಿದಳು. ಆಗ ತಿಳಿಯಿತು ಇನ್ನೊಂದು ಸಂಗತಿ. ನಾಲ್ಕೂ ಊರಿನ ಸಿಬ್ಬಂದಿ ಬೆಳಗಿನಿಂದ ಸಿಟ್ಟಿಗೆ ಒಬ್ಬೊಬ್ಬರೂ ಹತ್ತು ಹದಿನೈದು ಸಲ ಪ್ರಿಂಟಿನ ಗುಂಡಿ ಒತ್ತಿದ್ದರು. ಅದೆಲ್ಲ ಸರ್ವರಿನಲ್ಲಿ ಸಾಲುಗಟ್ಟಿ ಕಾದಿತ್ತು. ಬೆಟ್ಟಮ್ಮನ ಸಕ್ಕರೆಯ ವರದಿ ಹದಿನಾಲ್ಕು ಪ್ರತಿ ಬಂತು. ಕೆ.ಆರ್. ಪೇಟೆಯಿಂದ ಸಿದ್ದರಾಜು ಫೋನು ಮಾಡಿ, "ಅವ್ವ ತಾಯಿ, ಸಾಕು ನಿಲ್ಸು, ಕಾಗದ ಮೊಣಕಾಲ್ ಮಟ ಬಂದ್ಬುಡ್ತು," ಎಂದ. ಸ್ಪಂದನ ನಗುತ್ತಲೇ ಹೆಚ್ಚುವರಿ ಪ್ರತಿಗಳನ್ನೆಲ್ಲ ಸಾಲಿನಿಂದ ತೆಗೆದಳು. ತಂದೆ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಬೆಟ್ಟಮ್ಮ ಹದಿನಾಲ್ಕನ್ನೂ ಮಡಿಸಿ ಸೆರಗಿಗೆ ಕಟ್ಟಿಕೊಂಡು, ಸೊಸೇರಿಗೆಲ್ಲ ಒಂದೊಂದು ಕೊಡುತ್ತೇನೆ, ಇನ್ನಾದರೂ ಪಾಯಸ ಕೊಟ್ಟು ಕೊಲ್ಲದಿರಲಿ ಎಂದು ಹೊರಟಳು.

ಕಾರ್ಯದರ್ಶಿಗಳು ಬಂದರು. ನಡೆದದ್ದನ್ನು ದೇವರಾಜು ಏನನ್ನೂ ಮುಚ್ಚಿಡದೆ ಹೇಳಿದರು. ಕಾರ್ಯದರ್ಶಿಗಳು ಪ್ರಿಂಟರೊಂದರ ಮುಚ್ಚಳ ತೆಗೆಸಿ ಒಳಗೆ ನೋಡಿ, ಇದು ಎಷ್ಟು ವರ್ಷದ್ದು ಎಂದು ಕೇಳಿದರು. ಹನ್ನೊಂದು ವರ್ಷದ್ದು ಎಂದಳು ಸ್ಪಂದನ. ಬೇರೆ ಕಡೆ ನಾಲ್ಕೇ ವರ್ಷಕ್ಕೆ ಬಿಸಾಡುತ್ತಾರೆ ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಆಮೇಲೆ ದೇವರಾಜು ಕಡೆ ತಿರುಗಿ, ಮೈಸೂರಿನವರಿಗೆ ಬೇಡವೆಂದು ಬರೆಯಿರಿ, ಈ ಹುಡುಗಿಯ ಕೆಲಸ ಕಾಯಂ ಮಾಡಿ ಎಂದರು.

ಮಧ್ಯಾಹ್ನ ನಾನು ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಗೆ ಇಳಿದೆ. ಸೊಂಟದವರೆಗಿನ ನೀರಿನಲ್ಲಿ ನಿಂತು, ಅಷ್ಟು ದಿನ ಬಾಯಿಗೆ ಬಾರದಿದ್ದ ತಮ್ಮನ ಹೆಸರನ್ನು ಗಟ್ಟಿಯಾಗಿ ಹೇಳಿದೆ. ವಿಶ್ವಕರ್ಮ ಸ್ವಾಮಿ, ತಾಯಿ ಕಾಳಿಕಾಂಬೆ, ನನ್ನ ತಮ್ಮ ಮೌನೇಶ ನಿಮ್ಮ ಬಳಿಗೆ ಬಂದಿದ್ದಾನೆ. ಅವನ ಮಗಳ ಚಿಂತೆ ಅವನನ್ನು ಕಾಡದಿರಲಿ, ಅವಳನ್ನು ನಾವು ನೋಡಿಕೊಳ್ಳುತ್ತೇವೆ. ಅವನ ಜೀವವನ್ನು ನಿಮ್ಮ ಪಾದದ ತಂಪಿನಲ್ಲಿ ಇರಿಸಿಕೊಂಡು ಶಾಂತಿ ಕೊಡಿ.