ಡಾಂಬರು ಹಚ್ಚದ ಎರಡು ಸುತ್ತು

"ಕಾಣುತ್ತೇನೋ ಮುದುಕ, ಈ ತೂತಲ್ಲಿ ನಿನ್ನ ಯೋಗ್ಯತೆ?"

ಮೇನೇಜರ್ ಹಲಗೆಯನ್ನು ಎತ್ತಿ ಹಿಡಿದು, ಅದರ ನಡುವಿನ ತೂತಿಗೆ ತೋರುಬೆರಳು ತೂರಿಸಿ, ಬೆರಳ ತುದಿಯನ್ನು ನನ್ನ ಮಾವನ ಮೂಗಿನ ಮುಂದೆ ಆಡಿಸಿದ. ಸಾಮಿಲ್ಲಿನ ಗರಗಸವನ್ನು ನಿಲ್ಲಿಸಿದ್ದರು. ಬೈಗುಳ ನಮ್ಮೆಲ್ಲರ ಕಿವಿಗೂ ಬೀಳಲಿ ಎಂದೇ ನಿಲ್ಲಿಸಿದ್ದು.

"ಒಂದು ಲಾರಿ ಹಲಗೆ ವಾಪಸ್ ಬಂದಿದೆ. ಒಂದೊಂದರಲ್ಲೂ ಗಂಟು ಉದುರಿ ತೂತು. ಬಾಗಿಲು ಮಾಡೋಕೆ ಕೊಂಡವನು ಕೇಳ್ತಾನೆ, ಇದು ತೇಗವಾ, ಜರಡಿಯಾ ಅಂತ. ಕೊಂಬೆ ಸವರೋ ಕಾಲಕ್ಕೆ ಎಲ್ಲಿ ಸತ್ತಿದ್ಯೋ ಬೋಳಿಮಗನೇ?"

ಮಾವ ತಲೆಯ ಮೇಲಿದ್ದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ನನ್ನ ಗಂಡನ ಅಪ್ಪ, ಅರವತ್ತೆರಡು ವರ್ಷದ ಮನುಷ್ಯ. ಈ ತೋಪಿನ ಗಿಡಗಳನ್ನು ಹದಿನಾರು ವರ್ಷದ ಹಿಂದೆ ನೆಟ್ಟವನು, ಏಣಿ ಹೊತ್ತು ಹೊತ್ತು ಒಂದು ಭುಜ ಇಳಿದುಹೋಗಿರುವವನು. ಅದಕ್ಕೇ ಅವನನ್ನು ಎಲ್ಲರೂ ಏಣಿಯಜ್ಜ ಎನ್ನುತ್ತಾರೆ. ಬೈಸಿಕೊಂಡವನು ಅವನಾದರೂ ಉರಿ ಹತ್ತಿದ್ದು ನನ್ನ ಮೈಗೆ.

"ಆ ಎರಡು ವರ್ಷ ನಮ್ಮನ್ನ ಕರೀಲಿಲ್ಲವಲ್ಲ ಸಾರ್," ಎಂದ ಮಾವ, ಮೆತ್ತಗೆ.

"ಯಾವ ಎರಡು ವರ್ಷ? ಎಲ್ಲಿ ಬರೆದಿದೆ?"

ಎಲ್ಲೂ ಬರೆದಿರಲಿಲ್ಲ. ನಮ್ಮನ್ನು ಕರೆದದ್ದನ್ನು ಯಾರೂ ಬರೆಯುವುದಿಲ್ಲ, ಓಡಿಸಿದ್ದನ್ನೂ ಬರೆಯುವುದಿಲ್ಲ.

ತೇಗದ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮರ ಎಳೆಯದಾಗಿರುವಾಗ ಕೆಳಗಿನ ಕೊಂಬೆಗಳನ್ನು ಹಸಿಯಾಗಿದ್ದಾಗಲೇ ಕಾಂಡಕ್ಕೆ ಒತ್ತಿ ಕೊಯ್ಯಬೇಕು. ಗಾಯ ಒಂದು ವರ್ಷದಲ್ಲಿ ಮುಚ್ಚುತ್ತದೆ, ಅದರ ಮೇಲೆ ಬೆಳೆಯುವ ಮರದಲ್ಲಿ ಗಂಟು ಇರುವುದಿಲ್ಲ. ಕೊಯ್ಯದೆ ಬಿಟ್ಟರೆ ಕೊಂಬೆ ದಪ್ಪವಾಗಿ, ಆಮೇಲೆ ನೆರಳಿಗೆ ಒಣಗಿ, ನಿಂತಲ್ಲೇ ಸಾಯುತ್ತದೆ. ಮರ ಆ ಸತ್ತ ಕೊಂಬೆಯನ್ನೂ ನುಂಗಿಕೊಂಡು ಬೆಳೆಯುತ್ತದೆ, ಆದರೆ ಅರಗಿಸಿಕೊಳ್ಳುವುದಿಲ್ಲ. ಹಲಗೆ ಕೊಯ್ದು ಒಣಗಿಸಿದಾಗ ಆ ಗಂಟು ಹಲ್ಲು ಬಿದ್ದ ಹಾಗೆ ಕಳಚಿ ಬೀಳುತ್ತದೆ.

ಗಿಡಗಳಿಗೆ ಏಳನೇ ವರ್ಷ ನಡೆಯುತ್ತಿದ್ದಾಗ ಈ ಮೇನೇಜರ್ ಹೊಸದಾಗಿ ಬಂದ. ಬಂದವನೇ, "ಮರ ತಾನಾಗೇ ಬೆಳಿಯುತ್ತೆ, ಅದಕ್ಕೆ ಕ್ಷೌರ ಮಾಡೋಕೆ ಇಷ್ಟು ಜನ ಯಾಕೆ?" ಎಂದು ಸವರುವ ಹನ್ನೊಂದು ಮನೆಯವರನ್ನೂ ಹೊರಗೆ ಹಾಕಿದ. ಲಾರಿಗಟ್ಟಲೆ ಗೊಬ್ಬರ ತರಿಸಿ ಸುರಿಸಿದ. ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆಸಿದರೆ ಮರಗಳು ಉಂಡ ಹೊಟ್ಟೆಯ ಹಾಗೆ ಉಬ್ಬಿದ್ದವು. ಯಜಮಾನರು ಹಿಗ್ಗಿ ಅವನಿಗೆ ಜೀಪು ಕೊಟ್ಟರು. ಆ ಎರಡು ವರ್ಷ ನಾವು ಕಲ್ಲಿನ ಕ್ವಾರಿಯಲ್ಲಿದ್ದೆವು. ಎರಡನೇ ವರ್ಷ ಒಂದು ಮಧ್ಯಾಹ್ನ ಮೇಲಿನ ಕಲ್ಲು ಜಾರಿತು, ಕೆಳಗೆ ನನ್ನ ಗಂಡ ಇದ್ದ. ಅದಾದ ಮೇಲೆ ಒಣಕೊಂಬೆಗಳನ್ನು ಕಂಡು ಯಜಮಾನರ ಕಡೆಯವರು ಯಾರೋ ಗಲಾಟೆ ಮಾಡಿದರಂತೆ, ನಮ್ಮನ್ನು ವಾಪಸ್ ಕರೆದರು. ಹತ್ತು ಮನೆಯವರು ಹೋದ ಹಾಗೇ ಬಂದರು. ನಮ್ಮ ಮನೆಯಲ್ಲಿ ಒಬ್ಬ ಕಡಿಮೆ.

"ಬರೆದಿದೆ ಸಾರ್," ಎಂದ ಮಾವ ಇದ್ದಕ್ಕಿದ್ದ ಹಾಗೆ. "ಮರದಲ್ಲಿ ಬರೆದಿದೆ."

ಗರಗಸದವನ ಕಡೆ ತಿರುಗಿ, ಹೊರಗೆ ರಾಶಿ ಹಾಕಿದ್ದ ದಿಮ್ಮಿಗಳಲ್ಲಿ ಒಂದನ್ನು ತಂದು ಗಂಟಿದ್ದ ಜಾಗದಲ್ಲಿ ಅಡ್ಡಕ್ಕೆ ಒಂದು ಬಿಲ್ಲೆ ಕೊಯ್ದು ಕೊಡು ಎಂದ. ಗರಗಸದವನು ಮೇನೇಜರನ ಮುಖ ನೋಡಿದ. ಮೇನೇಜರ್ ನಕ್ಕ. "ಕೊಡೋ, ಕೊಡು. ಪಂಡಿತರು ಪಾಠ ಹೇಳ್ತಾರಂತೆ."

ಮಾವ ಬಿಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತ. ಒದ್ದೆ ಟವೆಲಿನಿಂದ ಒರೆಸಿದ. ನೀರು ತಾಗಿದ ಕೂಡಲೇ ಸುತ್ತುಗಳು ಎದ್ದು ಕಂಡವು. ತೇಗ ವರ್ಷಕ್ಕೊಂದು ಸುತ್ತು ಹಾಕುತ್ತದೆ. ಮೇಸ್ತ್ರಿ ಬಗ್ಗಿ ನಡುವಿನಿಂದ ಎಣಿಸಲು ಹೋದ.

"ನಡುವಿಂದ ಅಲ್ಲಪ್ಪ. ಬುಡದ ದಿಮ್ಮೀಲಿ ಹದಿನಾರು ಸುತ್ತು ಇರುತ್ತೆ, ಮೇಲಿನ ದಿಮ್ಮೀಲಿ ಹತ್ತೋ ಹನ್ನೊಂದೋ. ತೊಗಟೆಯಿಂದ ಒಳಕ್ಕೆ ಬಾ, ಆಗ ಎಲ್ಲ ದಿಮ್ಮೀಲೂ ಲೆಕ್ಕ ಒಂದೇ." ಮಾವನ ಉಗುರು ಒಂದೊಂದೇ ಗೆರೆ ದಾಟಿತು. "ಎಂಟು ಸುತ್ತು ಸಣ್ಣವು. ಅದರೊಳಗೆ ನೋಡಿ, ಇವೆರಡು. ಒಂದೊಂದೂ ಬೆರಳಗಲ, ಬೆಂಡಿನ ಹಾಗೆ ಮೆತ್ತಗೆ. ಇವು ನೀವು ಗೊಬ್ಬರ ಸುರಿಸಿದ ಎರಡು ವರ್ಷ. ಕೊಂಬೆ ಸತ್ತಿರೋದೂ ಇಲ್ಲೇ, ಗಂಟು ಕಪ್ಪಾಗಿರೋದೂ ಇಲ್ಲೇ. ಇದರಾಚೆ ನಾವು ಬಂದು ಕೊಯ್ದಿದೀವಿ, ಗಾಯ ಮುಚ್ಚಿಕೊಂಡಿದೆ. ಮರಕ್ಕೆ ಸುಳ್ಳು ಹೇಳೋಕೆ ಬರಲ್ಲ ಸಾರ್. ಆ ರಾಶೀಲಿ ಯಾವ ದಿಮ್ಮಿ ನೋಡಿದ್ರೂ ಇದೇ ಇರುತ್ತೆ."

ಮೇನೇಜರ್ ಬಿಲ್ಲೆಯನ್ನು ಕಸಿದುಕೊಂಡು ಹಲಗೆ ಒಣಗಿಸುವ ಬಾಯ್ಲರಿನ ಬೆಂಕಿಗೆ ಎಸೆದ. ಆಮೇಲೆ ಬೂಟಿನ ತುದಿಯಿಂದ ಮಾವನ ಮಂಡಿಗೆ ತಿವಿದ, ಒದೆತ ಅಂತ ಹೇಳಲಾಗದಷ್ಟು ಹಗುರವಾಗಿ.

"ಏಳು. ನಾಳೆ ಯಜಮಾನ್ರು ಹೊಸ ವ್ಯಾಪಾರಿ ಕರ್ಕೊಂಡು ಬರ್ತಾರೆ. ಅವರ ಮುಂದೆ ಕಾಗದಕ್ಕೆ ಹೆಬ್ಬೆಟ್ಟು ಒತ್ತು. ಇಲ್ಲಾಂದ್ರೆ ಪೊಲೀಸ್ರು ಬಂದು ಒತ್ತಿಸ್ತಾರೆ."

ಕಾಗದವನ್ನು ಮೇಸ್ತ್ರಿ ನಾವು ಕೂಲಿಯವರಿದ್ದ ಲೈನ್ ಮನೆಗೆ ತಂದು ತೋರಿಸಿದ. ನಾನು ಏಳನೇ ಕ್ಲಾಸು ಓದಿದವಳು, ಓದಿದೆ. ಕೊಂಬೆ ಸವರುವ ಹನ್ನೊಂದು ಕುಟುಂಬದವರಾದ ನಾವು ನಮ್ಮ ಸೋಮಾರಿತನದಿಂದ ಮರ ಕೆಡಿಸಿದ್ದೇವೆ, ತಪ್ಪು ನಮ್ಮದೇ, ಎಂಟು ದಿನದೊಳಗೆ ಮನೆ ಖಾಲಿ ಮಾಡುತ್ತೇವೆ, ಎಂದಿತ್ತು. ಕೆಳಗೆ ಹೆಬ್ಬೆಟ್ಟಿಗೆ ಒಂದೇ ಜಾಗ, ಮಾವನದು. ಮುಖಂಡ ಅಂತ ಬರೆದಿದ್ದರು. ಹದಿನಾರು ವರ್ಷದಲ್ಲಿ ಅವನನ್ನು ಮುಖಂಡ ಎಂದದ್ದು ಅದೇ ಮೊದಲು.

"ಒತ್ತಿಬಿಡ್ತೀನಿ ತಾಯಿ," ಎಂದ ಮಾವ. "ಪೊಲೀಸು ಗಿಲೀಸು ಯಾಕೆ. ನನ್ನೊಬ್ಬನ ತಲೆ ಮೇಲೆ ಹೋಗ್ಲಿ."

"ನಿಮ್ಮೊಬ್ಬರ ತಲೆ ಎಲ್ಲಿಂದ ಬಂತು ಮಾವ? ಹನ್ನೊಂದು ಮನೆ ಬೀದಿಗೆ ಬೀಳುತ್ತೆ. ಮತ್ತೆ ಕ್ವಾರಿಗೆ ಹೋಗೋಣ್ವಾ? ಈ ಸಲ ಯಾರನ್ನ ಕಳ್ಕೊಳ್ಳೋಣ ಹೇಳಿ."

ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು. ಮಾವ ಗೋಡೆಯ ಕಡೆ ತಿರುಗಿ ಕೂತ.

ಪಕ್ಕದ ಮನೆಯ ದೊಡ್ಡಕ್ಕ ಹೊಸಲಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಬಾಯಿಗೆ ಹೆದರಿ ಮೇಸ್ತ್ರಿ ದಾರಿ ಬದಲಿಸುತ್ತಾನೆ. "ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ," ಎಂದಳು. "ಜೀಪಲ್ಲಿ ತಿರುಗಿದವನು ಅವನು, ಮನೆ ಬಿಡೋರು ನಾವು. ಅವನ ಕುಂಡೆಗೆ ಬೆಂಕಿ ಬೀಳ!"

ಊಟದ ಹೊತ್ತು ಮುಗಿಯುವುದರೊಳಗೆ ನಾಲ್ಕು ಡಬ್ಬ ಡಾಂಬರು ಬಂತು. ರಾಶಿಯಲ್ಲಿದ್ದ ಇನ್ನೂರ ನಲವತ್ತು ದಿಮ್ಮಿಗಳ ತುದಿಗೂ ಸಂಜೆಯೊಳಗೆ ಹಚ್ಚಬೇಕು, ಬಿಸಿಲಿಗೆ ತುದಿ ಬಿರಿಯುತ್ತದೆ ಎಂದು ಅಪ್ಪಣೆ. ಬಿರಿಯುವುದು ನಿಜ, ಹಚ್ಚುವುದೂ ಇದೆ. ಆದರೆ ಕಡಿದ ದಿನವೇ ಹಚ್ಚುತ್ತಾರೆ. ಇವು ಬಿದ್ದು ತಿಂಗಳಾಗಿತ್ತು, ಬಿರಿಯುವುದೆಲ್ಲ ಬಿರಿದು ಮುಗಿದಿತ್ತು. ಬೆಳಿಗ್ಗೆ ಮಾವ ಆಡಿದ ಮಾತು ಮೇನೇಜರನ ಎದೆಗೆ ನಾಟಿದೆ ಎಂದು ಎಂಥ ಪೆದ್ದರಿಗೂ ತಿಳಿಯುತ್ತಿತ್ತು. ಮರದ ಬಾಯಿ ಮುಚ್ಚಿಸಬೇಕು, ಅದೂ ನಮ್ಮ ಕೈಯಿಂದಲೇ. ಒಂಬತ್ತು ಹೆಂಗಸರ ಕೈಗೆ ಒಂಬತ್ತು ಕುಂಚ ಕೊಟ್ಟು ಅವನು ಯಜಮಾನರನ್ನು ಕರೆತರಲು ಹೊರಟುಹೋದ.

ರಾಶಿಯ ಒಂದು ಮಗ್ಗುಲು ಆಫೀಸಿನ ಕಡೆಗಿತ್ತು, ಇನ್ನೊಂದು ರಸ್ತೆಯ ಕಡೆಗೆ. ಮೇಸ್ತ್ರಿ ಆಫೀಸಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತ. ಅವನ ಕಡೆಯ ತುದಿಗಳಿಗೆ ನಾವು ಕಪ್ಪಗೆ ದಪ್ಪಗೆ ಹಚ್ಚಿದೆವು. "ಹಾಂ, ಹಾಗೆ!" ಎಂದು ಮೆಚ್ಚಿ ಕಣ್ಣು ಮುಚ್ಚಿದ.

ರಸ್ತೆಯ ಕಡೆಗೆ ಹೋದಾಗ ನನ್ನ ಕೈ ನಿಂತಿತು. ಎದುರಿಗಿದ್ದ ದಿಮ್ಮಿಯಲ್ಲಿ ಆ ಎರಡು ಸುತ್ತು ಕಾಣುತ್ತಿದ್ದವು, ಅಗಲವಾಗಿ, ಪೇಲವವಾಗಿ. ಮುಟ್ಟಿದೆ. ಹೊರಗಿನದು ನಾನು ವಿಧವೆಯಾದ ವರ್ಷ. ನಾವು ಅನ್ನಕ್ಕೆ ಬಾಯಿ ಬಿಟ್ಟಾಗ ಇವು ತಿಂದು ಕೊಬ್ಬಿದ್ದವು. ಮರದ ಮೇಲೆ ಸಿಟ್ಟು ಬರಲಿಲ್ಲ, ಅದೇನು ಮಾಡೀತು, ಸುರಿದದ್ದನ್ನು ಕುಡಿಯಿತು. ಇದರ ಮೇಲೆ ನನ್ನ ಕೈಯಾರೆ ಕಪ್ಪು ಬಳಿದರೆ ನನ್ನ ಗಂಡ ಎರಡನೇ ಸಲ ಸತ್ತ ಹಾಗೆ ಎನ್ನಿಸಿತು.

ಕುಂಚವನ್ನು ಅದ್ದಿ ತೊಗಟೆಯ ಕಡೆಯಿಂದ ಸುತ್ತಲೂ ಹಚ್ಚಿದೆ, ಎಂಟು ಸುತ್ತಿನಷ್ಟು. ಎರಡು ಸುತ್ತು ಬಿಟ್ಟೆ. ಒಳಗಿನದನ್ನು ಪೂರ್ತಿ ಕಪ್ಪು ಮಾಡಿದೆ.

ದೊಡ್ಡಕ್ಕ ನೋಡಿದಳು. "ಏನೇ ಇದು, ಕಣ್ಣು ಬರೀತಿದ್ಯಾ?"

"ಹಚ್ಚು ಅಂದ್ರು, ಹಚ್ತಾ ಇದೀನಿ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ದಿಮ್ಮಿಗೆ ಕೂತಳು. "ತೊಗಟೆಯಿಂದ ಎಂಟು ಅಲ್ವಾ?" ಎಂದಳು. ಉಳಿದವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕೆಲವರ ಸುತ್ತು ಸೊಟ್ಟಗಾಯಿತು, ಒಬ್ಬಳು ಅಳುತ್ತಲೇ ಹಚ್ಚಿದಳು. ಮೇಲಿನ ಸಾಲುಗಳಿಗೆ ಮಾವ ಏಣಿ ತಂದು ಚಾಚಿ, ತಾನೇ ಹತ್ತಿದ. ನನ್ನ ಜೊತೆ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ಐದನೇ ಸಾಲಲ್ಲಿ ಒಂದಕ್ಕೆ ಏಳೇ ಸುತ್ತು ಹಚ್ಚಿದ್ದೆ, ಸರಿಮಾಡಿದೆ," ಎಂದ.

ಬೆಳಿಗ್ಗೆ ಜೀಪು ರಸ್ತೆಯ ಕಡೆಯಿಂದಲೇ ಬಂತು. ಯಜಮಾನರು ಇಳಿದರು, ಹಿಂದೆ ವ್ಯಾಪಾರಿ, ಕೊನೆಗೆ ಮೇನೇಜರ್, ಕೈಯಲ್ಲಿ ಕಾಗದ ಮತ್ತು ಇಂಕಿನ ಪ್ಯಾಡು. ನೆಲದಿಂದ ಎರಡಾಳೆತ್ತರದವರೆಗೆ ಇನ್ನೂರ ನಲವತ್ತು ಕಪ್ಪು ಮುಖಗಳು ಬಿಳಿ ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದವು. ಯಜಮಾನರ ಕಾಲು ಅಲ್ಲೇ ನಿಂತಿತು.

"ಇದೇನ್ರೀ ಇದು?"

"ಕೆಲಸ ಬರದ ಮುಂಡೇವು ಸಾರ್. ಮಧ್ಯ ಬಿಟ್ಟು ಹಚ್ಚಿದಾವೆ."

ವ್ಯಾಪಾರಿ ಜೇಬಿನಿಂದ ಒಂದು ಮೊಳೆ ತೆಗೆದು ಬಿಳಿಯ ಸುತ್ತಿನೊಳಕ್ಕೆ ಒತ್ತಿದ. ಹೆಬ್ಬೆರಳ ಒತ್ತಿಗೇ ತುದಿ ಒಳಗೆ ಹೋಯಿತು. ಇನ್ನೊಂದು ದಿಮ್ಮಿಗೆ ಒತ್ತಿದ, ಮತ್ತೊಂದಕ್ಕೆ ಒತ್ತಿದ. "ಈ ಎರಡು ವರ್ಷ ಇದಕ್ಕೇನು ತಿನ್ನಿಸಿದ್ರಿ?" ಎಂದು ಕೇಳಿದ. ಅವನೇನೂ ನಮ್ಮ ನೆಂಟನಲ್ಲ, ರೇಟು ಇಳಿಸಲು ಅವನಿಗೊಂದು ದಾರಿ ಸಿಕ್ಕಿತ್ತು.

ಮೇನೇಜರನ ಕತ್ತು ಕೆಂಪಾಯಿತು. ಡಬ್ಬದಲ್ಲಿದ್ದ ಕುಂಚವನ್ನು ಎತ್ತಿ ನನ್ನ ಕೈಗೆ ತುರುಕಿದ. "ಹಚ್ಚೇ ಲೌಡಿ, ಈಗಲೇ ಹಚ್ಚು! ನೀನು ಬಾರೋ ಮುದುಕ, ಒತ್ತು ಇಲ್ಲಿ!" ಎಂದು ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲೆ ಹರವಿದ.

ಮಾವ ಒಂದು ಹೆಜ್ಜೆ ಮುಂದಿಟ್ಟ. ಅವನ ಬಲಗೈ ತಾನಾಗಿಯೇ ಎದ್ದಿತ್ತು. ಹದಿನಾರು ವರ್ಷ ಅಪ್ಪಣೆ ಕೇಳಿದ ಕೈ.

ನಾನು ಅವನಿಗಿಂತ ಮೊದಲು ಬಾನೆಟ್ಟಿನ ಹತ್ತಿರ ಹೋದೆ. ಕುಂಚವನ್ನು ಪೂರ್ತಿ ಅದ್ದಿದ್ದೆ. ಕಾಗದದ ಮೇಲಿನ ಅಂಚಿನಿಂದ ಶುರುಮಾಡಿದೆ. ಸೋಮಾರಿತನ ಹೋಯಿತು, ತಪ್ಪು ಹೋಯಿತು, ಹನ್ನೊಂದು ಕುಟುಂಬ ಹೋಯಿತು, ಎಂಟು ದಿನ ಹೋಯಿತು. ಮುಖಂಡ ಎಂಬುದರ ಮೇಲೆ ಎರಡು ಸಲ ಎಳೆದೆ. ಡಾಂಬರು ಬಿಳಿಯ ಬಾನೆಟ್ಟಿನ ಮೇಲೆ ಹರಿದು ದೀಪದ ಗಾಜಿಗೆ ಇಳಿಯಿತು.

"ಬಿರಿಯಬಾರದಲ್ಲ ಸಾರ್," ಎಂದೆ. "ಅದಕ್ಕೇ ಹಚ್ಚಿದೆ."

ಮೇನೇಜರನ ಕೈ ಮೇಲೆ ಎದ್ದಿತು. ದೊಡ್ಡಕ್ಕ ನನ್ನ ಪಕ್ಕಕ್ಕೆ ಬಂದು ನಿಂತಳು, ಅವಳ ಹಿಂದೆ ಉಳಿದವರು, ಎಲ್ಲರ ಕೈಯೂ ಮೊಳಕೈವರೆಗೆ ಕಪ್ಪು. ಎದ್ದ ಕೈ ಅಲ್ಲೇ ಉಳಿಯಿತು.

"ಯಾವ ವರ್ಷಾನೋ ಅದು?" ಯಜಮಾನರು ಕೇಳಿದ್ದು ಮಾವನನ್ನು.

"ತೊಗಟೆ ಕಡೆಯ ಈ ಕಪ್ಪಿನ ಕೆಳಗೆ ಎಂಟು ಸುತ್ತಿದೆ, ಎಂಟು ವರ್ಷ. ಅದಕ್ಕೂ ಹಿಂದಿನ ಎರಡು ವರ್ಷ ಇವು. ಕೊಯ್ಸಿ ನೋಡಿ."

ಯಜಮಾನರು ವ್ಯಾಪಾರಿಯ ಕೈಯಿಂದ ಮೊಳೆ ತೆಗೆದುಕೊಂಡು ತಾವೇ ಬಿಳಿಯ ಸುತ್ತಿನೊಳಕ್ಕೆ ಒತ್ತಿ ನೋಡಿದರು. ಸಾಮಿಲ್ಲಿನ ಒಳಗೆ ಗರಗಸದವನು ಯಾರ ಮುಖವನ್ನೂ ನೋಡದೆ ಸ್ವಿಚ್ಚು ಒತ್ತಿದ. ಮಾವ ತಲೆಯ ಮೇಲಿನ ಟವೆಲನ್ನು ತೆಗೆದು ನೀರಿನಲ್ಲಿ ಅದ್ದಿಕೊಂಡು, ಮೊದಲ ಬಿಲ್ಲೆ ಬೀಳುವ ಜಾಗದಲ್ಲಿ ಹೋಗಿ ಕೂತ.