ಬರೆದಿಟ್ಟ ಊಟ

ಪೆನ್ನು ಹಿಡಿದರೆ ನನ್ನ ಅಂಗೈ ಬೆವರುತ್ತದೆ. ನಲವತ್ತಾರು ವರ್ಷದ ಹೆಂಗಸು ನಾನು, ಎಂಥ ಭಾರದವರನ್ನೂ ಒಬ್ಬಳೇ ಎತ್ತಿ ಕೂರಿಸಬಲ್ಲೆ. ಆದರೆ ವರದಿ ಬರೆಯುವ ಆ ನೀಲಿ ರಟ್ಟಿನ ಪುಸ್ತಕವನ್ನು ಎತ್ತಲಾರೆ.

ವಯಸ್ಸಾದ ರೋಗಿಗಳನ್ನು ನೋಡಿಕೊಳ್ಳುವ ಮನೆಯಲ್ಲಿ ನಾನು ಆಯಾ. ಹೊಸ ಮ್ಯಾನೇಜರು ಬಂದಮೇಲೆ ಆಯಾಗಳೂ ದಿನದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದಾಯಿತು. ಬರೆಯಲು ಬಾರದ ಇಬ್ಬರನ್ನು ಮರುವಾರವೇ ಕಳಿಸಿಬಿಟ್ಟರು. ಅವರ ಏಪ್ರನ್ನುಗಳು ಇನ್ನೂ ಮೊಳೆಗೆ ನೇತಾಡುತ್ತಿವೆ. ನನ್ನದು ಮೂರನೆಯ ಮೊಳೆ.

ನನಗೆ ಇಂಗ್ಲಿಷ್ ಕಲಿಸಿದ್ದು ಏಳನೇ ಮಂಚದ ಟೀಚರಮ್ಮ. ಮೂವತ್ತು ವರ್ಷ ಪಾಠ ಮಾಡಿದವರು. ಈಗ ಲಕ್ವ ಹೊಡೆದು ಬಲಗೈ ಏಳುವುದಿಲ್ಲ, ಬಾಯಿ ಮಾತ್ರ ಇನ್ನೂ ಕ್ಲಾಸಿನಲ್ಲೇ ಇದೆ.

“ಇವತ್ತಿಂದು ವಾಷ್, ಆಗಿಹೋದದ್ದು ವಾಷ್ಡ್, ಆಗಬೇಕಾದ್ದು ವಿಲ್ ವಾಷ್. ಅಷ್ಟೇ ಕಣೇ. ಬಟ್ಟೆ ಒಗೆಯೋದಕ್ಕಿಂತ ಸುಲಭ.”

“ಎಲ್ಲಾದಕ್ಕೂ ಹೀಗೇನಾ ಟೀಚರಮ್ಮ?”

“ಎಲ್ಲಿ ಬಂತು? ಈಟ್ ಅನ್ನೋದು ಬಾಲ ಹಚ್ಚಿಸಿಕೊಳ್ಳಲ್ಲ, ಮುಖಾನೇ ಬದಲಾಯಿಸಿ ಏಟ್ ಆಗುತ್ತೆ. ಅಂಥ ತರ್ಲೆಗಳ ಸಹವಾಸ ನಿನಗೆ ಸದ್ಯಕ್ಕೆ ಬೇಡ. ಹೇಳಿದ ಮಾತು ಕೇಳೋವನ್ನ ಇಟ್ಕೊ, ನಿನ್ನಂಥವು.”

ಹಾಗಾಗಿ ನನ್ನ ಪುಸ್ತಕದಲ್ಲಿ ಎಲ್ಲರೂ ಊಟವನ್ನು ‘ಫಿನಿಶ್ಡ್’ ಮಾಡುತ್ತಿದ್ದರು. ಮಾತ್ರೆ ‘ಸ್ವಾಲೋಡ್’, ಹಾಸಿಗೆ ‘ಚೇಂಜ್ಡ್’, ಮಗ್ಗುಲು ‘ಟರ್ನ್ಡ್’.

ಒಂದು ಸಾಲಿಗೆ ನನಗೆ ಹತ್ತು ನಿಮಿಷ ಬೇಕು. ಕೆಲಸ ಮುಗಿಸಿ ಬರೆಯಲು ಕೂತರೆ ಆರರ ಬಸ್ಸು ಹೋಗಿರುತ್ತದೆ. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೆ. ಬೆಳಿಗ್ಗೆ ಹತ್ತು ಗಂಟೆಯ ಬಿಡುವಿನಲ್ಲಿ ಟೀಚರಮ್ಮನ ಮಂಚದ ಅಂಚಿಗೆ ಕೂತು ಇಡೀ ದಿನವನ್ನು ಬರೆದಿಡುತ್ತಿದ್ದೆ. ‘ವಿಲ್’ ಹಾಕಿದರೆ ಆಮೇಲೆ ಮತ್ತೆ ತಿದ್ದಬೇಕಲ್ಲ, ನೇರವಾಗಿ ಆಗಿಹೋದ ಹಾಗೆಯೇ ಬರೆಯುತ್ತಿದ್ದೆ. ಆಮೇಲೆ ಎದ್ದು, ಬರೆದದ್ದನ್ನು ಒಂದೊಂದಾಗಿ ಮಾಡುತ್ತ ಹೋಗುವುದು. ಎರಡು ತಿಂಗಳು ಹೀಗೇ ನಡೆದಿತ್ತು.

ಆ ದಿನ ಹನ್ನೆರಡೂವರೆಗೆ ಟೀಚರಮ್ಮನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಸಿ, ತಟ್ಟೆ ಹಿಡಿದು ಕೂತೆ. ಎರಡು ಚಮಚ ತಿನ್ನಿಸಿರಬಹುದು, ಕೊನೆಯ ಕೋಣೆಯ ಬಚ್ಚಲಲ್ಲಿ ಟೈಲರ್ ಅಜ್ಜ ಜಾರಿ ಬಿದ್ದ ಸದ್ದಾಯಿತು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಓಡಿದೆ. ಅವರನ್ನು ಎತ್ತಿ, ಒರೆಸಿ, ಮೊಣಕಾಲಿಗೆ ಪಟ್ಟಿ ಕಟ್ಟಿ ಬರುವಷ್ಟರಲ್ಲಿ ಗಡಿಯಾರ ಒಂದೂವರೆ ದಾಟಿತ್ತು. ಅಡುಗೆಮನೆಯವಳು ತಟ್ಟೆ ಎತ್ತಿಕೊಂಡು ಹೋಗಿದ್ದಳು. ಟೀಚರಮ್ಮ ಕಣ್ಣು ಮುಚ್ಚಿದ್ದರು. ಸ್ಟೂಲಿನ ಮೇಲೆ ಪುಸ್ತಕ ತೆರೆದಿತ್ತು, ಅದರಲ್ಲಿ ಊಟ ಮುಗಿದಿತ್ತು. ನನ್ನ ತಲೆಯಲ್ಲೂ ಮುಗಿದಂತೆಯೇ ಆಯಿತು. ಪಕ್ಕದ ಮಂಚಕ್ಕೆ ಹೋದೆ.

ಮೂರು ಗಂಟೆಗೆ ಮಗ್ಗುಲು ಬದಲಿಸಲು ಹೋದಾಗ ಅವರ ರವಿಕೆ ಬೆವರಿನಲ್ಲಿ ತೊಯ್ದು ಹೋಗಿತ್ತು. ಮೈ ಮುಟ್ಟಿದರೆ ತಣ್ಣಗೆ. ಕರೆದರೆ ನಾಲಿಗೆ ತೊದಲಿತು.

ದೊಡ್ಡ ಸಿಸ್ಟರ್ ಓಡಿ ಬಂದರು. ಶುಗರ್ ನೋಡುವ ಮಶೀನಿನ ಪಟ್ಟಿಗಳು ಹಿಂದಿನ ದಿನವೇ ಖಾಲಿಯಾಗಿದ್ದವು. ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

“ಮಧ್ಯಾಹ್ನ ಊಟ ಮಾಡಿದ್ರಾ?”

ಸಿಸ್ಟರ್ ಬೆರಳು ನನ್ನ ಅಕ್ಷರದ ಮೇಲೆ ಹರಿಯಿತು. “ಮಾಡಿದ್ದಾರೆ ಡಾಕ್ಟರ್, ಪೂರ್ತಿ. ಬರೆದಿದೆ.”

“ಹಾಗಾದ್ರೆ ಇದು ಶುಗರ್ ಇಳಿದಿದ್ದಲ್ಲ, ಮತ್ತೆ ತಲೆಗೇ ಏನೋ ಆಗಿರಬೇಕು. ಬಾಯಿಗೆ ಏನೂ ಹಾಕಬೇಡಿ. ಆಂಬುಲೆನ್ಸ್ ಕಳಿಸ್ತೀನಿ, ಮುಕ್ಕಾಲು ಗಂಟೆ ಆಗಬಹುದು.”

ಎರಡು ಚಮಚ. ಆಗ ನೆನಪಾಯಿತು. ಗೋಡೆಯ ಏಪ್ರನ್ನುಗಳು ಕಣ್ಣ ಮುಂದೆ ಬಂದವು. ಯಾರಿಗೂ ಕಾಣದ ಹಾಗೆ ಒಂದಿಷ್ಟು ಸಕ್ಕರೆ ನೀರು ಕುಡಿಸಿಬಿಡಲೇ ಅಂದುಕೊಂಡೆ. ಆದರೆ ಡಾಕ್ಟರು ಹೇಳಿದ್ದೇ ನಿಜವಾಗಿದ್ದರೆ? ಗಂಟಲಲ್ಲಿ ಸಿಕ್ಕಿಕೊಂಡರೆ? ಒಂದು ಕೈಯಿಂದ ಮಂಚದ ಕಂಬಿ ಹಿಡಿದುಕೊಂಡೆ.

“ಸಿಸ್ಟರ್, ಅವರು ಊಟ ಮಾಡಿಲ್ಲ.”

“ಇಲ್ಲಿ ಬರೆದಿದ್ದೀಯಲ್ಲ?”

“ಅದು ಹತ್ತು ಗಂಟೆಗೆ ಬರೆದಿದ್ದು.”

ಅವರಿಗೆ ಅರ್ಥವಾಗಲಿಲ್ಲ. “ಊಟ ಬರೋದೇ ಹನ್ನೆರಡೂವರೆಗೆ.”

“ಹೌದು,” ಎಂದೆ. “ಮಾತ್ರೆ ಕೊಟ್ಟೆ. ಎರಡು ಚಮಚ ಅಷ್ಟೇ ತಿಂದ್ರು.”

ಫೋನಿನಲ್ಲಿ ಡಾಕ್ಟರ ಧ್ವನಿ ಜೋರಾಯಿತು. “ಗ್ಲೂಕೋಸ್ ಗಟ್ಟಿಯಾಗಿ ಕಲಸಿ, ಕೆನ್ನೆಯ ಒಳಗಡೆ ಸವರಿ. ಮಗ್ಗುಲಿಗೆ ಮಲಗಿಸಿ. ಈಗಲೇ. ಆಂಬುಲೆನ್ಸ್ ಹೇಗೂ ಬರಲಿ.”

ನಾನೇ ಬೆರಳಿನಿಂದ ಸವರಿದೆ. ಎಷ್ಟು ಹೊತ್ತಾಯಿತೋ. ಹಣೆಯ ಬೆವರು ನಿಂತಿತು. ಟೀಚರಮ್ಮ ತುಟಿ ಚಪ್ಪರಿಸಿ, “ಬಾಯೆಲ್ಲ ಅಂಟು, ಥೂ,” ಎಂದರು. ನಾನು ನೆಲದ ಮೇಲೆ ಕುಕ್ಕರಿಸಿಬಿಟ್ಟೆ.

ಆಂಬುಲೆನ್ಸಿನವರು ತಡವಾಗಿ, ಐದರ ಮೇಲೆ ಬಂದು ರಕ್ತ ಪರೀಕ್ಷಿಸಿ, ಊಟ ಮಾಡಿಸಿ ಎಂದು ಹೇಳಿ ಹೋದರು. ದೊಡ್ಡ ಸಿಸ್ಟರ್ ಬೈಯಲಿಲ್ಲ. ಪುಸ್ತಕದ ಹಿಂದಿನ ಹಾಳೆಗಳನ್ನು ತಿರುಗಿಸುತ್ತಿದ್ದರು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

“ಮಂಗಳವಾರ ಇವರ ಬೆನ್ನು ಒರೆಸಿದ್ದೆಯಾ?”

“ಒರೆಸಿದ್ದೆ.”

“ಸೋಮವಾರ?”

ಸೋಮವಾರವನ್ನು ನೆನೆಸಿಕೊಳ್ಳಲು ನೋಡಿದೆ. ಬೆನ್ನು ಕಾಣಲಿಲ್ಲ, ನೀರು ಕಾಣಲಿಲ್ಲ. ನಾನು ಬರೆದ ಸಾಲು ಮಾತ್ರ ಕಂಡಿತು.

“ಗೊತ್ತಿಲ್ಲ ಸಿಸ್ಟರ್.”

ಅವರು ಪುಸ್ತಕವನ್ನು ನನ್ನ ಮಡಿಲಿಗಿಟ್ಟರು. “ನಾಳೆ ಬೆಳಿಗ್ಗೆ ಮ್ಯಾನೇಜರ್ ನೋಡ್ತಾರೆ. ನಾನು ತಡೆಯೋಕಾಗಲ್ಲ. ಅಷ್ಟರೊಳಗೆ ಇವತ್ತು ನಡೆದದ್ದನ್ನ ನಡೆದ ಹಾಗೇ ಬರಿ.”

ಅವರು ಹೋದಮೇಲೆ ಟೀಚರಮ್ಮ ಮೆಲ್ಲಗೆ, “ನಾನು ನೋಡ್ತಿದ್ದೆ ಕಣೇ,” ಎಂದರು. “ದಿನಾ ಹತ್ತು ಗಂಟೆಗೇ ನನ್ನ ಊಟ ಆಗಿಬಿಡ್ತಿತ್ತು.”

“ಗೊತ್ತಿದ್ದೂ ಯಾಕೆ ಬೈಲಿಲ್ಲ?”

“ಬೈದ್ರೆ ನೀನು ಇಲ್ಲಿ ಕೂತು ಬರೆಯೋದು ಬಿಟ್ಟುಬಿಡ್ತೀಯ ಅಂತ.” ಎಡಗೈಯಿಂದ ಹೊದಿಕೆ ಎಳೆದುಕೊಂಡರು. “ಆಮೇಲೆ ನನ್ನ ಹತ್ರ ಯಾರು ಕೂರ್ತಾರೆ?”

ಅವರಿಗೂ ಹೆದರಿಕೆ ಇರಬಹುದೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಅಡುಗೆಮನೆಯಿಂದ ಬಿಸಿ ತಟ್ಟೆ ಬಂತು. ಒಂದೊಂದೇ ಚಮಚ ಎತ್ತಿ ಕೊಟ್ಟೆ. ಅವರು ನಿಧಾನವಾಗಿ ಅಗಿದರು. ಹೊರಗೆ ಆರರ ಬಸ್ಸು ಹೋದ ಸದ್ದು ಕೇಳಿಸಿತು. ಕೊನೆಯ ಚಮಚ ಗಂಟಲಿಗಿಳಿಯುವವರೆಗೂ ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.