ಅಂಗೈಯಲ್ಲಿ ಉಳಿದ ಎಣ್ಣೆ

ಮಗಳು ಹೊನ್ನಿಯ ನೆತ್ತಿಗೆ ತಟ್ಟಿದ ಮೇಲೂ ನನ್ನ ಅಂಗೈಯಲ್ಲಿ ಒಂದಿಷ್ಟು ಹರಳೆಣ್ಣೆ ಮಿರುಗುತ್ತಿತ್ತು. ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿತ್ತು. ಆ ಬೆಳಗ್ಗೆ ಪಕ್ಕದ ಮನೆಯ ದ್ಯಾವೀರಕ್ಕ ಬೇಲಿಯಾಚೆಯಿಂದಲೇ ಕೂಗಿದಳು:

"ಏನವ್ವಾ, ಇನ್ನೂ ಎಣ್ಣೆ ತಿಕ್ತಾ ಕೂತಿದ್ದೀಯಾ? ಹಿರೀಕರ ಕಲ್ಲಿನ ಹತ್ರ ಆಳುಗಳು ಬಂದವ್ರೆ. ಬುಡದ ಗುಂಡುಗಲ್ಲೆಲ್ಲ ಮಂಕರಿಗೆ ತುಂಬಿ ತುಂಬಿ ಹೊರಗೆ ಸುರೀತಾವ್ರೆ!"

ನನ್ನ ಕೈ ಅಲ್ಲೇ ನಿಂತಿತು.

ಹಿರೀಕರ ಕಲ್ಲೆಂದರೆ ಊರಾಚೆಯ ಬಯಲಿನಲ್ಲಿ ಸುತ್ತುಗಟ್ಟಿ ನಿಂತ ಆಳೆತ್ತರದ ಬಂಡೆಗಳು. ಯಾವ ಕಾಲದವರು ನಿಲ್ಲಿಸಿದ್ದೋ. ಈಗ ಸುತ್ತ ತಂತಿಬೇಲಿ, ಮುಟ್ಟಬಾರದೆಂಬ ಸರ್ಕಾರದ ಫಲಕ. ಆದರೆ ಹುಟ್ಟಿ ಉಳಿಯದ ಕೂಸಿಗಾಗಿ ಆ ಬಂಡೆಗಳ ಬುಡದಲ್ಲಿ ಹೊಳೆಯ ಗುಂಡುಗಲ್ಲೊಂದನ್ನು ಇಡುವುದು ನಮ್ಮ ಹೆಂಗಸರ ರೂಢಿ. ಆಮೇಲೆ ಹುಟ್ಟಿದ ಮಗುವಿಗೆ ಎಣ್ಣೆ ಹಚ್ಚಿದ ದಿನ, ಅಂಗೈಯಲ್ಲಿ ಉಳಿದದ್ದು ಆ ಕಲ್ಲಿಗೆ. ಯಾಕೆಂದು ಮಗುವಿಗೆ ಹೇಳಬಾರದು. ಹೇಳಿದರೆ ಹೋದ ಕೂಸು ಇದನ್ನೂ ಜೊತೆಗೆ ಕರೆಯುತ್ತದೆ ಎಂದು ಅತ್ತೆ ಹೆದರಿಸಿದ್ದರು. ಹೊನ್ನಿಗೂ ಮುಂಚೆ ನಾನೂ ಅಲ್ಲೊಂದು ಕಲ್ಲು ಇಟ್ಟಿದ್ದೆ. ಎಣ್ಣೆ ಹಚ್ಚಿದ ದಿನ ಹೊನ್ನಿಯನ್ನು ಬೇಲಿಯ ಹೊರಗೇ ನಿಲ್ಲಿಸಿ ಹೋಗಿಬರುತ್ತಿದ್ದೆ. ಅವಳು ತಂತಿಯ ಸಂದಿನಿಂದ ನನ್ನ ಮುಚ್ಚಿದ ಮುಷ್ಟಿಯನ್ನೇ, ನಾನು ಬಗ್ಗುವ ಜಾಗವನ್ನೇ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ಒಲೆಯ ಸೌದೆ ಹಿಂದಕ್ಕೆಳೆದು, ಮಗಳ ಕೈ ಹಿಡಿದುಕೊಂಡೇ ಓಡಿದೆ. ಗೇಟಿನಲ್ಲಿ ಮೇಸ್ತ್ರಿ ಅಡ್ಡ ಬಂದ.

"ಒಳಗೆ ಬರಂಗಿಲ್ಲ ಕಣಮ್ಮ. ಹಳೇ ಬಂಡೆ ಬಿಟ್ಟು ಮಿಕ್ಕಿದ್ದೆಲ್ಲ ತೆಗೀಬೇಕು ಅಂತ ಮೇಡಂ ಹೇಳವ್ರೆ. ನಿಂದೇನು ಕಳೆದೈತೆ ಇಲ್ಲಿ?"

ಏನು ಹೇಳಲಿ? ಪಕ್ಕದಲ್ಲೇ ಹೊನ್ನಿ. ಮಂಕರಿಯೊಂದು ನನ್ನ ಕಲ್ಲಿದ್ದ ಕಡೆಗೇ ಸಾಗುತ್ತಿತ್ತು.

ನನ್ನ ಎಣ್ಣೆಗೈಯಿಂದ ಅವಳ ಕೈ ಜಾರಿತು. ಮೇಸ್ತ್ರಿಯ ತೋಳಿನಡಿ ನುಸುಳಿ ಹೊನ್ನಿ ಓಡಿದಳು; ಅತ್ತಿತ್ತ ನೋಡದೆ, ಬಾಗಿದ ಬಂಡೆಯ ಬುಡದಿಂದ ಒಂದೇ ಒಂದು ಕಲ್ಲನ್ನೆತ್ತಿ ಲಂಗದ ಮಡಿಲಿಗೆ ಹಾಕಿಕೊಂಡಳು.

"ಏಯ್, ಸರ್ಕಾರದ ಕಲ್ಲು, ಇಡು ಕೆಳಗೆ!" ಮೇಸ್ತ್ರಿ ಗದರಿದ.

ಕೊಡೆ ಹಿಡಿದು ನಿಂತಿದ್ದ ಅಧಿಕಾರಿ ಹೆಂಗಸು ಬಂದು ಬಗ್ಗಿ ನೋಡಿದರು. ಕಲ್ಲು ಎಣ್ಣೆ ಕುಡಿದು ಕರ್ರಗೆ ಮಿರುಗುತ್ತಿತ್ತು. ಅವರು ಮಗಳ ನೆತ್ತಿಯನ್ನು ನೋಡಿದರು, ಆಮೇಲೆ ನನ್ನ ಅಂಗೈಯನ್ನು.

"ಇದು ಹಳೇದಲ್ಲ ಮೇಸ್ತ್ರೀ, ತಗೊಂಡು ಹೋಗ್ಲಿ. ಉಳಿದವನ್ನೂ ಸುರೀಬೇಡಿ, ಬೇಲಿ ಪಕ್ಕ ಇಡಿ. ಕೇಳ್ಕೊಂಡು ಬರೋರು ಇರ್ತಾರೆ."

ದಾರಿಯುದ್ದಕ್ಕೂ ಹೊನ್ನಿ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದೇ ನಡೆದಳು. ಮನೆಗೆ ಬಂದ ಮೇಲೆ ಅವಳ ಮುಖ ನೋಡಲು ಹೆದರಿ ನಾನು ಒಲೆಗೆ ಸೌದೆ ನೂಕುತ್ತಾ ಕೂತೆ. ಅವಳು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ನೆತ್ತಿಯನ್ನು ಸವರಿ, ಆ ಎಣ್ಣೆಯನ್ನು ಮೆಲ್ಲಗೆ ಅದಕ್ಕೆ ಹಚ್ಚಿದಳು.

"ಅಮ್ಮಾ, ಇದು ಯಾರು?"